ಅರ್ಹತಾ ಸುತ್ತು

ಸಮಾಜ ವಿಜ್ಞಾನದ ಟೀಚರಾಗಿ ನಾನು ಜಪಾನಿನ ನಾಲ್ಕು ದೊಡ್ಡ ದ್ವೀಪಗಳನ್ನು ವರ್ಷಾನುಗಟ್ಟಲೆ ಕೋಲಿನ ತುದಿಯಲ್ಲಿ ತೋರಿಸಿದವಳು. ಹೊಕ್ಕೈಡೊ, ಹೊನ್ಶು, ಶಿಕೊಕು, ಕ್ಯುಶು ಎಂದು ಮಕ್ಕಳು ರಾಗವಾಗಿ ಹೇಳುತ್ತಿದ್ದರೆ, ಎಲ್ಲಕ್ಕಿಂತ ಮೇಲಿರುವ ಹೊಕ್ಕೈಡೊ ಮುಟ್ಟಿಸಲು ನಾನು ಹಿಮ್ಮಡಿ ಎತ್ತಬೇಕಾಗುತ್ತಿತ್ತು. ಆ ದ್ವೀಪಕ್ಕೆ ಒಂದು ದಿನ ಹರಳೆಣ್ಣೆ, ಬಜೆ, ಬಾಣಂತಿ ಖಾರದ ಪುಡಿ ಕಟ್ಟಿಕೊಂಡು ನಾನೇ ಹೋಗಿ ಇಳಿಯುತ್ತೇನೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನ ತಂಗಿ ವೀಣಾ ಹದಿನೈದು ವರ್ಷ ಚಿಕ್ಕವಳು. ಅವಳ ಗಂಡನಿಗೆ ಸಪ್ಪೊರೊ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ. 2017ರ ಜನವರಿ ಕೊನೆಗೆ ಅವಳಿಗೆ ಹೆರಿಗೆಯ ದಿನ ಕೊಟ್ಟಿದ್ದರು. ಅಮ್ಮ ತೀರಿಕೊಂಡು ಆಗಲೇ ನಾಲ್ಕು ವರ್ಷ. ಬಾಣಂತನಕ್ಕೆ ನಾನಲ್ಲದೆ ಇನ್ಯಾರು? ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ತಲೆಯ ಮೇಲಿರುವಾಗ ರಜೆ ಕೇಳುವುದೆಂದರೆ ಮಹಾಪರಾಧ. ನಮ್ಮ ಮುಖ್ಯೋಪಾಧ್ಯಾಯರು ಅರ್ಜಿಯನ್ನು ಎರಡು ಸಲ ಓದಿ, "ಜಪಾನಿನಲ್ಲಿ ಆಸ್ಪತ್ರೆ ಇಲ್ಲವೇನ್ರೀ ಮೇಡಂ?" ಎಂದರು. "ಆಸ್ಪತ್ರೆ ಇದೆ ಸಾರ್, ಅಕ್ಕ ಇಲ್ಲ" ಎಂದೆ. ಪಾಠವೆಲ್ಲ ಡಿಸೆಂಬರಿಗೇ ಮುಗಿಸಿಕೊಡುವ ಒಪ್ಪಂದದ ಮೇಲೆ ರಜೆ ಮಂಜೂರಾಯಿತು.

ಸಪ್ಪೊರೊ ನಗರದ ಹಿಮದ ವರ್ಣನೆಗೆ ನಾನು ಹೋಗುವುದಿಲ್ಲ. ಬಾಣಂತಿ ಕೋಣೆಯಲ್ಲಿ ಕೂತವಳಿಗೆ ಊರು ಕಾಣುವುದು ಕಿಟಕಿಯ ಅಳತೆಯಷ್ಟೇ. ಆ ಕಿಟಕಿಯ ಅರ್ಧವನ್ನು ಹಿಮ ಮುಚ್ಚಿತ್ತು. ಮಗುವಿಗೆ ಮೊದಲ ಸಲ ಎಣ್ಣೆ ನೀರು ಹಾಕಿ, ಊರಿನ ಪದ್ಧತಿಯಂತೆ ಒಂದು ಚಿಟಿಕೆ ಸಾಂಬ್ರಾಣಿ ಹೊಗೆ ತೋರಿಸಿದೆ. ಕೂಡಲೇ ಛಾವಣಿಯಲ್ಲಿ ಅಂಟಿಸಿದ್ದ ಬಿಳಿ ಡಬ್ಬಿಯೊಂದು ಕೀರಲು ದನಿಯಲ್ಲಿ ಕಿರುಚಿಕೊಳ್ಳತೊಡಗಿತು. ಬೆಂಕಿ ಬಿದ್ದರೆ ಎಚ್ಚರಿಸುವ ಯಂತ್ರವಂತೆ. ಮಗು ಅತ್ತಿತು, ವೀಣಾ ನಕ್ಕಳು, ನಾನು ಕೈಯಲ್ಲಿ ಕೆಂಡದ ತಟ್ಟೆ ಹಿಡಿದು ಕಳ್ಳಿಯಂತೆ ನಿಂತೆ. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿಯೊಬ್ಬರು ಹೊದ್ದಿದ್ದ ಶಾಲು ಸಮೇತ ಓಡಿ ಬಂದರು.

ಅದು ನಮ್ಮ ಸ್ನೇಹದ ಮೊದಲ ದಿನ. ವೀಣಾ ಅವರನ್ನು ಒಬಾಚಾನ್ ಎನ್ನುತ್ತಿದ್ದಳು, ಅಂದರೆ ಅಜ್ಜಿ. ನನಗೂ ಅಜ್ಜಿಯೇ ಆದರು. ಮರುದಿನ ಕೆಂಪು ಬೀಜದ ಕಾಳು ಹಾಕಿದ ಅಂಟು ಅನ್ನ ತಂದುಕೊಟ್ಟರು. ಮನೆಯಲ್ಲಿ ಶುಭ ನಡೆದರೆ ಅವರಲ್ಲಿ ಅದನ್ನು ಮಾಡುತ್ತಾರಂತೆ. ನಾನು ಅಂಟಿನುಂಡೆ ಕೊಟ್ಟೆ. ಅವರ ಕನ್ನಡ ಸೊನ್ನೆ, ನನ್ನ ಜಪಾನಿ ಸೊನ್ನೆ, ನಡುವೆ ಮಲಗಿದಲ್ಲಿಂದಲೇ ವೀಣಾ ದುಭಾಷಿ. ಗಂಡ ಕಾಗದದ ಕಾರ್ಖಾನೆಯಲ್ಲಿದ್ದರು, ಅವರು ಹೋದ ಮೇಲೆ ಮಗಳ ಮನೆಯ ಹತ್ತಿರ ಇರಲೆಂದು ಸಪ್ಪೊರೊ ಸೇರಿದರು, ಹುಟ್ಟಿ ಬೆಳೆದದ್ದು ತೊಮಕೊಮಾಯ್ ಎಂಬಲ್ಲಿ, ರೈಲಿನಲ್ಲಿ ಒಂದು ಗಂಟೆಯ ದಾರಿ. ಇಷ್ಟು ತಿಳಿಯಲು ನಮಗೆ ಮೂರು ದಿನ ಹಿಡಿಯಿತು.

ಫೆಬ್ರವರಿ 9ರಂದು ಅಜ್ಜಿ ಬಂದವರೇ, ಮಗುವಿನ ಮುಖ ನೋಡುವ ಮೊದಲು ಟಿ.ವಿ. ಕಡೆ ಬೆರಳು ತೋರಿಸಿದರು. ಅವರ ಊರಿನಲ್ಲಿ ಹೆಂಗಸರ ಐಸ್ ಹಾಕಿ ಪಂದ್ಯ, ಒಬ್ಬರೇ ನೋಡಲು ಎದೆ ಹೊಡೆದುಕೊಳ್ಳುತ್ತದೆ, ಇಲ್ಲೇ ಕೂತು ನೋಡಲೇ ಎಂದು ಕೇಳಿದರು. ಮಗು ಮಲಗಿತ್ತು. ಟಿ.ವಿ.ಯ ದನಿ ಪೂರ್ತಿ ತೆಗೆದುಹಾಕುವ ಷರತ್ತಿನ ಮೇಲೆ ಒಪ್ಪಿದೆ. ಹೀಗೆ ನನ್ನ ಜೀವನದ ಮೊದಲ ಐಸ್ ಹಾಕಿ ಪಂದ್ಯವನ್ನು ನಾನು ಮೂಕಿಚಿತ್ರದಂತೆ ನೋಡಿದೆ.

ಹಾಕಿ ಎಂದರೆ ನಮಗೆ ಕೊಡಗು ನೆನಪಾಗುತ್ತದೆ, ಹಸಿರು ಮೈದಾನ ನೆನಪಾಗುತ್ತದೆ. ಇಲ್ಲಿ ನೆಲವೇ ಮಂಜುಗಡ್ಡೆ. ಚೆಂಡಿನ ಬದಲು ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ, ನಮ್ಮ ನಿಪ್ಪಟ್ಟಿನ ಅಗಲ, ಒಂದು ಇಂಚು ದಪ್ಪ. ಒಂದೊಂದು ಕಡೆ ಗೋಲ್ ಕೀಪರ್ ಸೇರಿ ಆರು ಜನ. ಇಪ್ಪತ್ತಿಪ್ಪತ್ತು ನಿಮಿಷದ ಮೂರು ಪಾಳಿ. ತಪ್ಪು ಮಾಡಿದವಳನ್ನು ಎರಡು ನಿಮಿಷ ಪಕ್ಕದ ಕಟಕಟೆಯಲ್ಲಿ ಕೂರಿಸುತ್ತಾರೆ; ಅಷ್ಟು ಹೊತ್ತು ಅವಳ ತಂಡ ಒಬ್ಬಳು ಕಡಿಮೆಯಾಗಿ ಆಡಬೇಕು. ಈ ನಿಯಮ ಟೀಚರಾದ ನನಗೆ ಬಹಳ ಹಿಡಿಸಿತು. ಒಬ್ಬಳ ತಪ್ಪಿಗೆ ಇಡೀ ಬೆಂಚು ಬೆವರುವುದು ಎಂದರೆ ಇದೇ.

ಆದರೆ ನನ್ನ ಕಣ್ಣು ಹಿಡಿದದ್ದು ಬೇರೆ. ಅಲ್ಲಿ ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮೈದಾನದಲ್ಲಿ ನಿಲ್ಲುವುದಿಲ್ಲ. ಜೀವ ಬಿಟ್ಟು ಓಡಿ, ಅಲ್ಲಲ್ಲ ಜಾರಿ, ಬದಿಯ ಗೋಡೆಯ ಹತ್ತಿರ ಬರುತ್ತಾರೆ. ಅದೇ ಕ್ಷಣಕ್ಕೆ ಬೆಂಚಿನಲ್ಲಿ ಕೂತವಳು ಗೋಡೆ ಹಾರಿ ಒಳಗೆ ನುಗ್ಗುತ್ತಾಳೆ. ಆಟ ನಿಲ್ಲುವುದೇ ಇಲ್ಲ. "ಅರೆ, ಇದು ಖೋ-ಖೋ ಕಣೇ!" ಎಂದು ನಾನು ಕೂಗಿಯೇಬಿಟ್ಟೆ. ಮಗು ಎದ್ದಿತು. ವೀಣಾ ಕಣ್ಣು ಬಿಟ್ಟಳು. ಅಜ್ಜಿ ಏನಾಯಿತೆಂದು ಕೇಳಿದರು. ವೀಣಾ ಏನೋ ಹೇಳಿ ಸುಮ್ಮನಾಗಿಸಿದಳು.

ಆ ದಿನ ಜಪಾನಿನ ಹೆಂಗಸರು ಆಸ್ಟ್ರಿಯಾವನ್ನು 6–1ರಿಂದ ಸೋಲಿಸಿದರು. "ಹಾಗಾದರೆ ಕಪ್ಪು ಇವರಿಗೇ" ಎಂದೆ. ಅಜ್ಜಿ ತಲೆಯಾಡಿಸಿ ನಕ್ಕರು. ಇದರಲ್ಲಿ ಕಪ್ಪೂ ಇಲ್ಲ, ಪದಕವೂ ಇಲ್ಲ ಎಂದರು.

ನನಗೆ ಇದು ವಿಚಿತ್ರವೆನಿಸಿತು. ಆಮೇಲೆ ಅಜ್ಜಿ ನಿಧಾನವಾಗಿ ಬಿಡಿಸಿ ಹೇಳಿದರು. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗಿನಲ್ಲಿ ಚಳಿಗಾಲದ ಒಲಿಂಪಿಕ್ಸ್. ಹೆಂಗಸರ ಐಸ್ ಹಾಕಿಗೆ ಅಲ್ಲಿ ಇರುವುದು ಎಂಟೇ ಸ್ಥಾನ. ಜಗತ್ತಿನ ಶ್ರೇಯಾಂಕ ನೋಡಿ ಐದು ದೇಶಗಳಿಗೆ ನೇರ ಪ್ರವೇಶ. ಒಂದು, ಆತಿಥ್ಯ ವಹಿಸಿದವರಿಗೆ. ಉಳಿದ ಎರಡಕ್ಕೆ ಈ ಅರ್ಹತಾ ಸುತ್ತು. ನಾಲ್ಕು ತಂಡ ತೊಮಕೊಮಾಯ್‌ಗೆ, ನಾಲ್ಕು ತಂಡ ಸ್ವಿಟ್ಜರ್ಲೆಂಡಿನ ಅರೋಸಾಕ್ಕೆ. ಒಂದೊಂದು ಕಡೆ ಮೊದಲು ಬಂದ ಒಂದೇ ತಂಡಕ್ಕೆ ದಾರಿ. ಎರಡನೆಯವರಿಗೆ ಬೆಳ್ಳಿಯಿಲ್ಲ, ಮೂರನೆಯವರಿಗೆ ಕಂಚಿಲ್ಲ. ಚೀಲ ಕಟ್ಟಿಕೊಂಡು ಮನೆಗೆ ಹೋಗಿ ಇನ್ನು ನಾಲ್ಕು ವರ್ಷ ಕಾಯಬೇಕು. ಗೆದ್ದವರಿಗಾದರೂ ಸಿಗುವುದೇನು? ಇದಕ್ಕಿಂತ ಕಷ್ಟದ ಇನ್ನೊಂದು ಪರೀಕ್ಷೆಯ ಹಾಲ್ ಟಿಕೆಟು.

ಆತಿಥ್ಯ ವಹಿಸಿದವರಿಗೆ ಪರೀಕ್ಷೆಯಿಲ್ಲದೆ ಸ್ಥಾನ ಎಂದಾಗ ನಾನು, "ಅದು ಡೊನೇಷನ್ ಸೀಟು" ಎಂದೆ. ಇದನ್ನು ಜಪಾನಿ ಭಾಷೆಗೆ ತಿರುಗಿಸಲು ವೀಣಾ ಬಹಳ ಒದ್ದಾಡಿದಳು. ಅರ್ಥವಾದಾಗ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆಂದರೆ ಅವರ ದೇಶದ ಹೆಂಗಸರೂ ಮೊದಲು ಹೋದದ್ದು ಅದೇ ಸೀಟಿನಲ್ಲಿ! 1998ರಲ್ಲಿ ಜಪಾನಿನ ನಾಗಾನೊದಲ್ಲಿ ಒಲಿಂಪಿಕ್ಸ್ ನಡೆದಾಗ ಹೆಂಗಸರ ಐಸ್ ಹಾಕಿಯನ್ನು ಮೊದಲ ಬಾರಿಗೆ ಒಲಿಂಪಿಕ್ಸಿಗೆ ಸೇರಿಸಿದರು. ಮನೆಯವರೆಂದು ಜಪಾನಿಗೂ ಎಲೆ ಹಾಕಿದರು. ಆಡಿದ ಐದು ಪಂದ್ಯಗಳಲ್ಲಿ ಐದೂ ಸೋಲು. ಕೆನಡಾ 13–0, ಫಿನ್ಲೆಂಡ್ 11–1, ಅಮೆರಿಕ 10–0. ಒಟ್ಟು ಬಿಟ್ಟುಕೊಟ್ಟ ಗೋಲು 45, ಹೊಡೆದದ್ದು 2. ಆಗ ಅಜ್ಜಿ ತಮ್ಮ ಊರಿನಲ್ಲಿ ಟಿ.ವಿ. ಮುಂದೆ ಕೂತು, ಗೋಲು ಬಿದ್ದಾಗಲೆಲ್ಲ ಎದ್ದು ಅಡಿಗೆಮನೆಗೆ ಹೋಗುತ್ತಿದ್ದರಂತೆ. ಕೆನಡಾದ ಪಂದ್ಯದ ದಿನ ಮನೆಯ ಪಾತ್ರೆಗಳೆಲ್ಲ ಎರಡು ಸಲ ತೊಳೆದಾದವು ಎಂದರು.

ಆ ಮೇಲೆ ಸೀಟು ಯಾರೂ ಕರೆದು ಕೊಡಲಿಲ್ಲ. 2002, 2006, 2010, ಮೂರು ಒಲಿಂಪಿಕ್ಸಿಗೂ ಜಪಾನಿನ ಹೆಂಗಸರು ಹೋಗಲಾಗಲಿಲ್ಲ. ನಮ್ಮಲ್ಲಿ ಹುಡುಗಿಯೊಬ್ಬಳು ಮೂರು ಸಲ ಅದೇ ಪರೀಕ್ಷೆ ಕಟ್ಟಿ ಕೂತರೆ ನಾಲ್ಕನೆಯ ಸಲಕ್ಕೆ ಯಾರು ಫೀಸು ಕೊಡುತ್ತಾರೆ? ಮನೆಯಲ್ಲಿ ಗಂಡು ಹುಡುಕುತ್ತಾರೆ. ಅಲ್ಲಿಯೂ ಹೆಚ್ಚು ಬೇರೆಯಿರಲಿಲ್ಲವಂತೆ. ಆಟವನ್ನು ನಂಬಿ ಹೊಟ್ಟೆ ಹೊರೆಯುವಂತಿರಲಿಲ್ಲ. ಕೆಲವರು ವಿದ್ಯಾರ್ಥಿನಿಯರು, ಕೆಲವರು ಕಚೇರಿ, ಅಂಗಡಿಗಳಲ್ಲಿ ದುಡಿಯುವವರು. ರಿಂಕ್ ಖಾಲಿ ಸಿಗುವುದು ಎಲ್ಲರ ಆಟವೂ ಮುಗಿದ ಮೇಲೆ, ರಾತ್ರಿ. ಹಗಲೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ನಿಂತವಳು ರಾತ್ರಿ ಮೂಟೆಯಷ್ಟು ಭಾರದ ಚೀಲ ಹೊತ್ತು ಅಭ್ಯಾಸಕ್ಕೆ ಹೋಗಬೇಕು.

ಇವರಲ್ಲಿ ಕುಬೊ ಹನಾಯೆ ಎಂಬಾಕೆಯ ಮೇಲೆ ಅಜ್ಜಿಗೆ ವಿಶೇಷ ಅಭಿಮಾನ. ಒಂದೇ ಊರಿನವಳಲ್ಲವೆ! 1982ರ ಡಿಸೆಂಬರಿನಲ್ಲಿ ಹುಟ್ಟಿದವಳು. ಟುರಿನ್ನಿಗೆ ಹೋಗುವ ಆಸೆ ತಪ್ಪಿತು, ವ್ಯಾಂಕೂವರಿನ ಆಸೆಯೂ ತಪ್ಪಿತು. 2013ರ ಫೆಬ್ರವರಿಯಲ್ಲಿ ಸೋಚಿ ಒಲಿಂಪಿಕ್ಸಿನ ಅರ್ಹತೆಗೆಂದು ಸ್ಲೊವಾಕಿಯಾದ ಪೊಪ್ರಾಡ್ ಎಂಬ ಊರಿಗೆ ತಂಡ ಹೊರಟಾಗ ಆಕೆಗೆ ಮೂವತ್ತು ತುಂಬಿತ್ತು.

ಆ ಪೊಪ್ರಾಡಿನ ಕತೆಯನ್ನು ಅಜ್ಜಿ ಹೇಳಿದ ರೀತಿಯಲ್ಲಿ ನನಗೆ ಹೇಳಲು ಬರುವುದಿಲ್ಲ. ಕುರುಕ್ಷೇತ್ರದ ಯುದ್ಧವನ್ನು ಹರಿದಾಸರು ಹೇಳಿದಂತೆ ಹೇಳಿದರು. ಮೊದಲ ದಿನ ನಾರ್ವೆಯ ಎದುರು. ಆ ಹೆಂಗಸರ ಎತ್ತರವೇನು, ಭುಜವೇನು! ನೋಡನೋಡುತ್ತ 3–0. ಅಲ್ಲಿಗೆ ಕತೆ ಮುಗಿಯಿತು ಎಂದು ಯಾರಾದರೂ ಎದ್ದು ಹೋಗುವ ಹೊತ್ತು. ನಾಲ್ಕು ತಂಡಗಳಲ್ಲಿ ಒಂದಕ್ಕೇ ಸ್ಥಾನವೆಂದ ಮೇಲೆ ಮೊದಲ ಪಂದ್ಯವನ್ನೇ ಸೋತರೆ ಉಳಿದದ್ದನ್ನು ಆಡಿ ಪ್ರಯೋಜನವೇನು? ಆದರೆ ಅವರು ಒಂದು ಹೊಡೆದರು, ಇನ್ನೊಂದು ಹೊಡೆದರು, ಕೊನೆಗೆ 4–3ರಿಂದ ಗೆದ್ದರು. ಎರಡನೆಯ ಪಂದ್ಯ ಸ್ಲೊವಾಕಿಯಾದ ಎದುರು, ಅವರದೇ ನೆಲದಲ್ಲಿ. ಅರವತ್ತು ನಿಮಿಷದಲ್ಲಿ ಒಂದೂ ಗೋಲಿಲ್ಲ. ಕೊನೆಗೆ ಒಬ್ಬೊಬ್ಬರಾಗಿ ಹೋಗಿ ಗೋಲ್ ಕೀಪರಿನ ಎದುರು ಹೊಡೆಯುವ ಪರೀಕ್ಷೆಯಲ್ಲಿ ಜಪಾನಿಗೆ ಸೋಲು. ಹಾಗೆ ಸೋತರೂ ಒಂದು ಅಂಕ ಸಿಗುತ್ತದೆ. ಮೂರನೆಯ ದಿನ ಡೆನ್ಮಾರ್ಕನ್ನು 5–0ರಿಂದ ಸೋಲಿಸಿ ಮೊದಲ ಸ್ಥಾನ ಹಿಡಿದರು. ಸೋಚಿ ಒಲಿಂಪಿಕ್ಸಿಗೆ ಜಪಾನಿನಿಂದ ಮೊಟ್ಟಮೊದಲು ಸ್ಥಾನ ಪಡೆದವರು ಈ ಹೆಂಗಸರೇ. ಗಂಡಸರು, ಹೆಂಗಸರು, ಎಲ್ಲ ಆಟಗಳನ್ನೂ ಸೇರಿಸಿ.

ತಂಡಕ್ಕೆ 'ಸ್ಮೈಲ್ ಜಪಾನ್' ಎಂದು ಹೆಸರು. ಎಷ್ಟೇ ಕಷ್ಟದ ಗಳಿಗೆಯಲ್ಲೂ ಮುಖದಲ್ಲಿ ನಗು ಇರಲಿ ಎಂಬುದು ಅದರ ಅರ್ಥ. ಇದು ಮಾತ್ರ ನನಗೆ ಅಷ್ಟು ರುಚಿಸಲಿಲ್ಲ. ಹಗಲಿಡೀ ದುಡಿದು ರಾತ್ರಿ ಆಡುವ ಹೆಂಗಸಿಗೆ ನಗುವ ಕೆಲಸವನ್ನೂ ಯಾಕೆ ಹಚ್ಚಬೇಕು? ಗಂಡಸರ ತಂಡಕ್ಕೆ ಹೀಗೆ ಹೆಸರಿಡುತ್ತಾರೆಯೆ ಎಂದು ಕೇಳಿದೆ. ಅಜ್ಜಿ ಸ್ವಲ್ಪ ಯೋಚಿಸಿ, "ಅವರಿಗೆ ನಗು ಹೇಳಿಕೊಟ್ಟರೂ ಬರುವುದಿಲ್ಲ" ಎಂದರು.

ಸೋಚಿಯಲ್ಲಿ ಏನಾಯಿತು ಎಂದು ನೀವು ಕೇಳಬಹುದು. ಅಲ್ಲಿಯೂ ಐದಕ್ಕೆ ಐದೂ ಸೋತರು. ಎಂಟರಲ್ಲಿ ಎಂಟನೆಯವರಾದರು. ಆದರೆ ಸ್ವೀಡನ್ನಿನ ಎದುರು ಸೋತದ್ದು 0–1ರಿಂದ, ರಷ್ಯಾದ ಎದುರು 1–2ರಿಂದ. 13–0 ನೋಡಿದ ಅಜ್ಜಿಗೆ ಅದು ಹಬ್ಬ. ಕೊಂಡೊ ಯೊಕೊ ಎಂಬ ಆಟಗಾರ್ತಿ 1998ರಲ್ಲಿ ಹದಿಹರೆಯ ದಾಟದ ಹುಡುಗಿಯಾಗಿ ನಾಗಾನೊದಲ್ಲಿ ಆಡಿದ್ದಳಂತೆ. ಹದಿನಾರು ವರ್ಷ ಬಿಟ್ಟು ಸೋಚಿಯಲ್ಲಿ ಮತ್ತೆ ಆಡಿದಳು. ಹದಿನಾರು ವರ್ಷವೆಂದರೆ ಒಂದು ಮಗು ಹುಟ್ಟಿ ಹತ್ತನೆಯ ತರಗತಿ ಮುಗಿಸುವ ಕಾಲ. ನಾನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತ ಮಗುವಿನ ಬಟ್ಟೆ ಮಡಿಸುತ್ತಿದ್ದೆ.

ಶನಿವಾರ 11ನೆಯ ತಾರೀಕು ಫ್ರಾನ್ಸಿನ ಎದುರು 4–1. ಮಧ್ಯೆ ಮಧ್ಯೆ ಅಜ್ಜಿ ತಮ್ಮ ಊರಿನ ವಿಷಯ ಹೇಳುತ್ತಿದ್ದರು. ತೊಮಕೊಮಾಯ್‌ಗೆ ಸಪ್ಪೊರೊದಷ್ಟು ಹಿಮ ಬೀಳುವುದಿಲ್ಲ, ಆದರೆ ಚಳಿ ವಿಪರೀತ. ಚಳಿಗಾಲ ಬಂತೆಂದರೆ ತಂದೆ ತಾಯಿಯರು ಸರದಿಯ ಮೇಲೆ ರಾತ್ರಿ ಶಾಲೆಯ ಮೈದಾನಕ್ಕೆ ಹೋಗಿ ನೀರು ಹಾಯಿಸುತ್ತಾರೆ. ಒಂದು ಪದರ ಹೆಪ್ಪುಗಟ್ಟಿದ ಮೇಲೆ ಇನ್ನೊಂದು. ನಾಲ್ಕಾರು ರಾತ್ರಿ ಹೀಗೆ ಮಾಡಿದರೆ ಮಕ್ಕಳಿಗೆ ಜಾರಲು ಕನ್ನಡಿಯಂಥ ನೆಲ. ನಾವು ಸುಗ್ಗಿಗೆ ಕಣ ಸಾರಿಸಿದ ಹಾಗೆ ಎಂದುಕೊಂಡೆ. ಅಜ್ಜಿಯೂ ತಮ್ಮ ಮಗಳಿಗಾಗಿ ನೀರು ಹಾಯಿಸಿದವರೇ. ಆದರೆ ಅವರು ಹುಡುಗಿಯಾಗಿದ್ದಾಗ ಹಾಕಿಯ ಕೋಲು ಗಂಡುಹುಡುಗರಿಗೆ ಮಾತ್ರವಿತ್ತಂತೆ. ಅಣ್ಣನ ಕೋಲನ್ನು ಕದ್ದು ಒಂದು ದಿನ ಆಡಿ, ಹಲ್ಲು ಮುರಿದುಕೊಂಡೆ ಎಂದು ಬಾಯಿ ತೆರೆದು ತೋರಿಸಿದರು. ಈಗ ಅಲ್ಲಿ ಇದ್ದದ್ದು ಎಲ್ಲ ಕಟ್ಟಿಸಿದ ಹಲ್ಲುಗಳೇ ಆದ್ದರಿಂದ ಯಾವುದೆಂದು ತಿಳಿಯಲಿಲ್ಲ.

ಭಾನುವಾರ 12ನೆಯ ತಾರೀಕು. ಜರ್ಮನಿಯ ಎದುರು ಕೊನೆಯ ಪಂದ್ಯ, ಒಲಿಂಪಿಕ್ಸಿನ ದಾರಿ ತೀರ್ಮಾನವಾಗುವ ದಿನ. ಸಪ್ಪೊರೊ ನಗರದ ಪ್ರಸಿದ್ಧ ಹಿಮೋತ್ಸವಕ್ಕೂ ಅದೇ ಕೊನೆಯ ದಿನ. ಹಿಮದಲ್ಲಿ ಅರಮನೆ, ದೇವಾಲಯಗಳನ್ನೇ ಕಟ್ಟಿ ನಿಲ್ಲಿಸುತ್ತಾರಂತೆ. ವೀಣಾಳ ಗಂಡ ಪಾಪ, "ಅಕ್ಕ ಬಂದಾಗಿನಿಂದ ಹೊರಗೇ ಹೋಗಿಲ್ಲ, ಇವತ್ತು ಮಗುವನ್ನು ನಾವು ನೋಡಿಕೊಳ್ತೇವೆ, ಕರೆದುಕೊಂಡು ಹೋಗಿ ತೋರಿಸಿಬಿಡ್ತೇನೆ" ಎಂದು ಬಾಡಿಗೆಗೆ ಬೂಟು ಬೇರೆ ತಂದಿದ್ದರು. ನಾನು, "ಮ್ಯಾಚಿದೆಯಲ್ಲಪ್ಪಾ" ಎಂದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಆ ದಿನ ದನಿಯನ್ನೂ ಸ್ವಲ್ಪ ಇಟ್ಟೆವು. ಮಗುವಿಗೆ ಅಭ್ಯಾಸವಾಗಿತ್ತೋ, ನಾವು ಕೆಟ್ಟಿದ್ದೆವೋ ತಿಳಿಯದು. ನಾಯಕಿ ಒಸಾವಾ ಚಿಹೊ, ಆಕೆಯೂ ತೊಮಕೊಮಾಯ್ ಹುಡುಗಿ. ಗೋಲಿನಲ್ಲಿ ಫುಜಿಮೊಟೊ ನಾನಾ, 2015ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅತ್ಯುತ್ತಮ ಗೋಲ್ ಕೀಪರ್ ಎನಿಸಿಕೊಂಡವಳು. ಜರ್ಮನಿಯ ಹೆಂಗಸರು ಆ ಕಪ್ಪು ಬಿಲ್ಲೆಯನ್ನು ಬಂದೂಕಿನಿಂದ ಬಿಟ್ಟ ಹಾಗೆ ಬಿಡುತ್ತಿದ್ದರು. ಇವರು ಹಾರುವ ಬಿಲ್ಲೆಗೆ ಮೈಯನ್ನೇ ಅಡ್ಡ ಕೊಡುತ್ತಿದ್ದರು. ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದರು. ಗೋಲಿನ ಹತ್ತಿರ ಗುಂಪು ಸೇರಿದಾಗಲೆಲ್ಲ ಉಗುರು ಚುಚ್ಚುತ್ತಿತ್ತು. ಜಪಾನ್ 3, ಜರ್ಮನಿ 1. ಮುಗಿದ ಗಂಟೆಗೆ ಹುಡುಗಿಯರೆಲ್ಲ ಕೋಲು, ಕೈಗವಸು ಎಸೆದು ಗೋಲ್ ಕೀಪರಿನ ಮೇಲೆ ಬಿದ್ದರು. ಅಜ್ಜಿ ಅಳುತ್ತಿದ್ದರು. ಆಗ ನಾನು ನೋಡಿದ್ದು ಜರ್ಮನಿಯ ಹುಡುಗಿಯರನ್ನು. ಬೆಂಚಿನ ಹತ್ತಿರ ಕೋಲಿನ ಮೇಲೆ ಗದ್ದವಿಟ್ಟು ಸಾಲಾಗಿ ನಿಂತಿದ್ದರು. ಕ್ಯಾಮೆರಾ ಅವರ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಚಹಾ ಕುಡಿಯುವಾಗ ಅಜ್ಜಿ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. ಇಷ್ಟು ಆಸೆಯಿಂದ ನೋಡುತ್ತೀಯಲ್ಲ, ನೀನೂ ಏನಾದರೂ ಆಡಿದವಳೇ ಇರಬೇಕು ಎಂದರು. ಖೋ-ಖೋ ಎಂದೆ. ಜಿಲ್ಲೆಯವರೆಗೆ ಆಡಿದ್ದೆ.

ಹೌದು, ಆಡಿದ್ದೆ. ಹತ್ತನೆಯ ತರಗತಿಯಲ್ಲಿ ನಮ್ಮ ಶಾಲೆಯ ತಂಡ ತಾಲೂಕಿನಲ್ಲಿ ಗೆದ್ದಿತು, ಜಿಲ್ಲೆಯಲ್ಲಿ ಗೆದ್ದಿತು. ವಿಭಾಗ ಮಟ್ಟಕ್ಕೆ ತುಮಕೂರಿಗೆ ಹೋಗಬೇಕು. ಅಲ್ಲಿ ಗೆದ್ದರೆ ರಾಜ್ಯ ಮಟ್ಟ. ನಮ್ಮ ಕಣ್ಣಿಗೆ ಅದೇ ಒಲಿಂಪಿಕ್ಸು. ಡ್ರಿಲ್ ಮೇಷ್ಟ್ರು ಬಿಳಿ ಕ್ಯಾನ್ವಾಸ್ ಬೂಟು ಹೊಂದಿಸಿಕೊಟ್ಟಿದ್ದರು. ಹೊರಡುವುದಕ್ಕೆ ಎರಡು ದಿನವಿರುವಾಗ ಅಮ್ಮನಿಗೆ ಹೆರಿಗೆಯಾಯಿತು. ವಯಸ್ಸಿಗೆ ಬಂದ ಮಗಳು ಮನೆಯಲ್ಲಿರುವಾಗ ಬಸಿರಾದೆನೆಂದು ಅಮ್ಮ ಮೊದಲೇ ಮುಖ ಮುಚ್ಚಿಕೊಂಡು ಓಡಾಡುತ್ತಿದ್ದಳು. ಹೆರಿಗೆಯೂ ಕಷ್ಟವಾಗಿ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ನೀರು ಕಾಯಿಸಬೇಕು, ಬಟ್ಟೆ ಒಗೆಯಬೇಕು, ತಮ್ಮಂದಿರಿಬ್ಬರಿಗೆ ಬೇಯಿಸಿ ಹಾಕಬೇಕು. ಮೇಷ್ಟ್ರು ಮನೆಯವರೆಗೆ ಬಂದರು. ಅಪ್ಪ ಅವರಿಗೆ ಕಾಫಿ ಕೊಡಿಸಿ, "ನೀವೇ ನೋಡ್ತಿದ್ದೀರಲ್ಲ ಮೇಷ್ಟ್ರೇ, ಮನೇಲಿ ಹೀಗಿದೆ" ಎಂದರು. ಕಾಫಿ ಮಾಡಿದವಳು ನಾನೇ. ಬೂಟು ತೊಳೆದು, ಒಣಗಿಸಿ, ಸುಣ್ಣ ಹಚ್ಚಿ ವಾಪಸು ಕೊಟ್ಟೆ.

ನನ್ನ ಜಾಗಕ್ಕೆ ಒಂಬತ್ತನೆಯ ತರಗತಿಯ ಹುಡುಗಿಯನ್ನು ಸೇರಿಸಿಕೊಂಡು ಹೋದರು. ಎರಡನೆಯ ಪಂದ್ಯಕ್ಕೇ ಸೋತು ಬಂದರು. ಸೋತರು ಎಂದು ಕೇಳಿದಾಗ ನನಗೆ ಒಳಗೊಳಗೇ ಸಂತೋಷವಾಯಿತು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಸುಮಾರು ಮೂರು ತಿಂಗಳು ನಾನು ಆ ಕೂಸನ್ನು ಬೇಕೆಂದು ಎತ್ತಿಕೊಳ್ಳಲಿಲ್ಲ. ಸ್ನಾನ ಮಾಡಿಸಿದೆ, ತೊಟ್ಟಿಲು ತೂಗಿದೆ, ಬಟ್ಟೆ ಬದಲಿಸಿದೆ, ಎಲ್ಲ ಕೆಲಸದಂತೆ. ಒಂದು ಸಂಜೆ ಅದು ನನ್ನ ಲಂಗದ ಅಂಚು ಹಿಡಿದು ಬಿಡಲಿಲ್ಲ. ಆಮೇಲೆ ಸರಿಹೋಯಿತು.

"ಜಿಲ್ಲೆಯಿಂದ ಮುಂದಕ್ಕೆ ಯಾಕೆ ಹೋಗಲಿಲ್ಲ ಅಂತ ಕೇಳ್ತಾರೆ" ಎಂದಳು ವೀಣಾ, ಮಗುವಿಗೆ ಹಾಲು ಕೊಡುತ್ತ.

"ಮನೇಲಿ ಕೆಲಸ ಇತ್ತು ಅನ್ನು."

ಅವಳು ಹೇಳಿದಳು. ಅಜ್ಜಿ ತಲೆದೂಗಿದರು. ಆ ಉತ್ತರಕ್ಕೆ ದುಭಾಷಿ ಬೇಕಾಗಿರಲಿಲ್ಲವೆಂದು ಕಾಣುತ್ತದೆ. ಆಮೇಲೆ ಇನ್ನೇನೋ ಕೇಳಿದರು.

"ಯಾವ ವರ್ಷ ಅಂತೆ."

"ಎಂಬತ್ತೈದು. ನವೆಂಬರ್."

ವೀಣಾ ಬಾಯಿ ತೆರೆದವಳು ಹಾಗೇ ನಿಂತಳು. ನನ್ನ ಮುಖ ನೋಡಿದಳು. ನಾನು ಚಹಾ ಬಟ್ಟಲು ಎತ್ತಿಕೊಂಡು ತೊಳೆಯಲು ಹೋದೆ. ಎಂಬತ್ತೈದು ಎಂಬುದನ್ನು ಅವಳು ಅಜ್ಜಿಗೆ ಹೇಳಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ರಾತ್ರಿ ಅವಳು ಹೆಚ್ಚು ಮಾತಾಡಲಿಲ್ಲ. ನಾನು ಕಾಲಿಗೆ ಎಣ್ಣೆ ತಿಕ್ಕುತ್ತಿರುವಾಗ, "ಬಿಡೇ ಅಕ್ಕಾ, ಸಾಕು" ಎಂದು ಕಾಲು ಎಳೆದುಕೊಂಡಳು. "ಸುಮ್ಮನೆ ಮಲಕ್ಕೊ, ನಾಳೆ ಸೊಂಟ ಹಿಡಿದರೆ ನನ್ನನ್ನೇ ಬೈಯ್ತೀಯ" ಎಂದು ಗದರಿದೆ.

ಮಾರ್ಚಿನಲ್ಲಿ ಊರಿಗೆ ಬಂದೆ. ಪೇಪರಿನಲ್ಲಿ ಸಣ್ಣದೊಂದು ಸುದ್ದಿ ಕಣ್ಣಿಗೆ ಬಿತ್ತು. ಐಸ್ ಹಾಕಿ ಎಂಬ ಅಕ್ಷರ ನೋಡಿದರೆ ಈಗ ಕಣ್ಣು ತಾನಾಗಿ ನಿಲ್ಲುತ್ತದೆ. ನಮ್ಮ ದೇಶದ್ದೂ ಹೆಂಗಸರ ತಂಡವಿದೆ, ಹೆಚ್ಚಿನವರು ಲಡಾಖಿನ ಹುಡುಗಿಯರು. 2016ರಲ್ಲಿ ಮೊದಲ ಬಾರಿಗೆ ಹೊರದೇಶದಲ್ಲಿ ಆಡಿ, ಆ ಮಾರ್ಚಿನಲ್ಲಿ ಬ್ಯಾಂಕಾಕಿನಲ್ಲಿ ಫಿಲಿಪೀನ್ಸನ್ನು 4–3ರಿಂದ ಸೋಲಿಸಿ ಮೊದಲ ಗೆಲುವು ಕಂಡರು. ಕತ್ತರಿಸಿ ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿದೆ. ಇದೇ ಹುಡುಗಿಯರ ತಂಡ 2025ರಲ್ಲಿ ಅರಬ್ ಸಂಸ್ಥಾನದ ಅಲ್ ಐನ್ ಊರಿನಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ ಕಂಚು ಗೆದ್ದಾಗ ಅದನ್ನೂ ಹಾಕಿದೆ. ಒಲಿಂಪಿಕ್ಸಿನ ಅರ್ಹತಾ ಸುತ್ತು ಅವರಿಗೆ ಇನ್ನೂ ಬಹಳ ದೂರ. ನಮ್ಮ ಮಕ್ಕಳು, "ಮಿಸ್, ಮಂಜುಗಡ್ಡೆ ಮೇಲೆ ಜಾರಿ ಬೀಳಲ್ವಾ?" ಎಂದು ಕೇಳಿದರು. ಬೀಳುತ್ತಾರೆ ಎಂದೆ.

2018ರ ಫೆಬ್ರವರಿ 14. ಮಧ್ಯಾಹ್ನ ಊಟದ ಬಿಡುವು ಮುಗಿಯುವ ಹೊತ್ತು. ಸ್ಟಾಫ್ ರೂಮಿನಲ್ಲಿ ಡಬ್ಬಿ ಮುಚ್ಚುತ್ತಿದ್ದಾಗ ಫೋನು ಬಂತು. ಸಪ್ಪೊರೊದಿಂದ ವೀಣಾ. ಹಿಂದೆ ಮಗುವಿನ ಕೇಕೆ, ಅದಕ್ಕಿಂತ ಜೋರಾಗಿ ಪಕ್ಕದ ಮನೆಯ ಅಜ್ಜಿಯ ಕೇಕೆ. ಪ್ಯೊಂಗ್‌ಚಾಂಗಿನಲ್ಲಿ ಜಪಾನ್ ಆ ದಿನ ಕೊರಿಯಾದ ಎದುರು ಆಡುತ್ತಿತ್ತು. ಉತ್ತರ, ದಕ್ಷಿಣ ಎರಡೂ ಕೊರಿಯಾಗಳ ಹುಡುಗಿಯರು ಒಂದೇ ತಂಡವಾಗಿ ಇಳಿದಿದ್ದರಿಂದ ಜಗತ್ತೆಲ್ಲ ಆ ಕಡೆಗೇ ನೋಡುತ್ತಿತ್ತು.

"ಅಕ್ಕಾ, ಶುರುವಾಗಿ ಎರಡು ನಿಮಿಷವೂ ಆಗಿಲ್ಲ, ಕುಬೊ ಹೊಡೆದಳು!"

ಆಗ ಕುಬೊಗೆ ಮೂವತ್ತೈದು. (ಆಕೆ ಅಲ್ಲಿಗೂ ನಿಲ್ಲಲಿಲ್ಲ. 2022ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಮೂವತ್ತೊಂಬತ್ತರಲ್ಲೂ ಆಡಿದಳು.) ಸಂಜೆ ಮನೆಗೆ ಬಂದ ಮೇಲೆ ವೀಣಾ ಮತ್ತೆ ಫೋನು ಮಾಡಿ 4–1 ಎಂದು ತಿಳಿಸಿದಳು. ನಾಗಾನೊದ ಡೊನೇಷನ್ ಸೀಟಿನಿಂದ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷಕ್ಕೆ ಒಲಿಂಪಿಕ್ಸಿನಲ್ಲಿ ಜಪಾನಿನ ಹೆಂಗಸರ ಮೊದಲ ಗೆಲುವು. ಅಜ್ಜಿ ಕೆಂಪು ಕಾಳಿನ ಅನ್ನ ಮಾಡಿ ಇಡೀ ಕಟ್ಟಡಕ್ಕೆ ಹಂಚುತ್ತಿದ್ದಾರಂತೆ.

ಮಗುವಿಗೆ ಹಲ್ಲು ಬಂತೇ, ನಡೆಯುತ್ತಾನೆಯೇ, ಮೆಂತ್ಯದ ಹಿಟ್ಟು ಮುಗಿಯಿತೇ ಎಂದು ನಾನು ಕೇಳುತ್ತಲೇ ಇದ್ದೆ. ಅವಳು ನಡುವೆ ತಡೆದಳು.

"ಅಕ್ಕಾ, ಖೋ-ಖೋದಲ್ಲಿ ನೀನು ಎಲ್ಲಿ ಕೂರ್ತಿದ್ದೆ?"

"ಕಂಬದ ಪಕ್ಕದ ಚೌಕ" ಎಂದೆ. "ಅಲ್ಲಿ ಕೂರೋಳು ಕಂಬ ಹಿಡಿದು ಹಾರಿ ಔಟ್ ಮಾಡಬೇಕು. ಎಲ್ಲರಿಗೂ ಕೊಡೋ ಜಾಗ ಅಲ್ಲ ಅದು."

"ಹೇಗೆ ಹಾರೋದು, ಹೇಳು" ಎಂದಳು. ಅನ್ನಕ್ಕಿಟ್ಟಿದ್ದ ಕುಕ್ಕರು ಕೂಗುತ್ತಿತ್ತು. ಒಲೆ ಆರಿಸಿ ಬಂದು, ಕುರ್ಚಿ ಎಳೆದುಕೊಂಡು ಕೂತು, ಹೇಳಿದೆ.